ಅಮ್ಮ ಮರೆಯಾದರೆ ಅಳು

ಪ್ರಶ್ನೆ: ಮಗಳಿಗೆ 9 ತಿಂಗಳು. ಮೊದಲು ಎಲ್ಲರ ಹತ್ತಿರವೂ ಹೋಗುತ್ತಿದ್ದಳು. ಈಗ ನಾನು ಅಡುಗೆಮನೆಗೆ ಹೋದರೂ ಅಳು. ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು. ಎತ್ತಿಕೊಂಡೇ ಅಭ್ಯಾಸ ಕೆಡಿಸಿದೆನೇ?

ಉತ್ತರ: ಖಂಡಿತ ಇಲ್ಲ. 6–7 ತಿಂಗಳ ನಂತರ ಮಗು ತನ್ನವರನ್ನೇ ಬಯಸತೊಡಗುತ್ತದೆ. ನೀವು ಎಲ್ಲೋ ಇದ್ದೀರಿ ಎಂಬುದು ಅದಕ್ಕೆ ಗೊತ್ತು, ಯಾವಾಗ ಬರುತ್ತೀರಿ ಎಂಬುದು ಗೊತ್ತಿಲ್ಲ. ಉಣಿಸುವವರಿಗಿಂತ ಹೆಚ್ಚಾಗಿ, ಅತ್ತಾಗ ಓಗೊಡುವವರಿಗೆ ಮಗು ಅಂಟಿಕೊಳ್ಳುತ್ತದೆಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 60 ಶಿಶುಗಳ ಮೇಲೆ ನಡೆದ ಅಧ್ಯಯನ 1964ರಲ್ಲೇ ತೋರಿಸಿತು.

ಹಾಗಾಗಿ ಅಜ್ಜಿ ನೋಡಿಕೊಳ್ಳುವುದಾದರೆ, ಅತ್ತಾಗ ಓಗೊಡುವುದು, ಸ್ನಾನ, ಊಟ, ಜೋಗುಳ ಈಗಿನಿಂದಲೇ ಅವರದಾಗಲಿ. ಮೊದಮೊದಲು ನೀವು ಪಕ್ಕದಲ್ಲಿರಿ. ಆಮೇಲೆ 10 ನಿಮಿಷ, ಅರ್ಧ ಗಂಟೆ, ಎರಡು ಗಂಟೆ ಹೊರಗಿರಿ. ಕಣ್ತಪ್ಪಿಸಿ ಹೋಗುವುದು ಮಾತ್ರ ಬೇಡವೇ ಬೇಡ. ಹಾಗೆ ಹೋದರೆ ಮಗು ನಿಮ್ಮ ಸೆರಗನ್ನೇ ಬಿಡುವುದಿಲ್ಲ. ಅತ್ತರೂ ಸರಿ, ಟಾಟಾ ಹೇಳಿಯೇ ಹೊರಡಿ.