ಎರಡನೇ ವರ್ಷದ ಫೀಸು ಯಾರು ಕಟ್ಟಬೇಕಿತ್ತು?

ಸಿಂಧನೂರು ತಾಲ್ಲೂಕಿನ ನಿವೃತ್ತ ಮಾಸ್ತರೊಬ್ಬರ ಪತ್ರ: ‘ನಮ್ಮೂರಿನ ಕೂಲಿಕಾರರ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ವೇದಿಕೆಗೆ ಕರೆದು, ಶಾಲು ಹೊದಿಸಿ, ಹತ್ತು ಸಾವಿರ ರೂಪಾಯಿ ಕೊಟ್ಟೆವು. ರಾಯಚೂರಿನಲ್ಲಿ ಬಿ.ಎಸ್ಸಿ. ಸೇರಿದಾಕೆ ಒಂದೇ ವರ್ಷಕ್ಕೆ ಬಿಟ್ಟು ಬಂದಳು. ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಯಿತಲ್ಲ?’

ಮಾಸ್ತರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಆ ಹುಡುಗಿ ಯಾವ ತಿಂಗಳು ವಾಪಸು ಬಂದಳು ಎಂಬುದನ್ನು ನೀವು ಬರೆದಿಲ್ಲ. ನನಗೆ ಅದೇ ಮುಖ್ಯ.

ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಪಾಠಕ್ಕೆ ಹೆದರಿ ಓಡಿಬರುವುದು ಕಡಿಮೆ. ಮೆಸ್ ಬಾಕಿ ಕಟ್ಟಿಲ್ಲ, ಪರೀಕ್ಷಾ ಶುಲ್ಕಕ್ಕೆ ನಾಳೆಯೇ ಕೊನೆ ದಿನ, ಸರ್ಕಾರದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಅರ್ಜಿ ಸರಿಪಡಿಸೋಣವೆಂದರೆ ಒಟಿಪಿ ಹೋಗುವುದು ಅಪ್ಪನ ನಂಬರಿಗೆ. ಅಪ್ಪ ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ. ಆ ಹೊತ್ತಿಗೆ ಬೇಕಾದದ್ದು ಎರಡು ಸಾವಿರವೋ ಮೂರು ಸಾವಿರವೋ. ನೀವು ಜೂನ್‌ನಲ್ಲಿ ಕೊಟ್ಟ ಹತ್ತು ಸಾವಿರ ಜುಲೈಗೇ ಮುಗಿದಿರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೊಂದು ತಪ್ಪಿದೆ, ಅಷ್ಟು ಪುಣ್ಯ.

ನಿಮ್ಮ ತಾಲ್ಲೂಕಿನದೇ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳನ್ನು ನೆನೆಯಿರಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಮೊಮ್ಮಕ್ಕಳು ಇಲ್ಲಿಯ ಮಣ್ಣಲ್ಲೇ ಹುಟ್ಟಿ ಬೆಳೆದವರು. ಪ್ರಮಾಣಪತ್ರಕ್ಕೆ ಅಜ್ಜನ ಕಾಲದ ಕಾಗದ ತಾ ಎಂದು ಕೇಳಿದರೆ ಅವರು ಎಲ್ಲಿಗೆ ಹೋಗಬೇಕು? ಅಂಥ ಮಗುವಿನ ಜೊತೆ ಒಂದು ದಿನ ನಾಡಕಚೇರಿಗೆ ಹೋಗಿ ನಿಂತರೂ ಅದು ದಾನವೇ ಎಂದು ನಾನು ನಂಬಿದ್ದೇನೆ.

ದೊಡ್ಡವರು ಕೊಡುವ ಬಗೆಯನ್ನೂ ನೋಡಿ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಹತ್ತನೇ ತರಗತಿ ಮತ್ತು ಪಿಯುಸಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಹಣ ನೇರ ಹುಡುಗಿಯ ಖಾತೆಗೆ, ಕೋರ್ಸ್ ಮುಗಿಯುವ ತನಕ. ಆ ‘ಮುಗಿಯುವ ತನಕ’ ಎಂಬ ಮಾತಿಗೆ ನಾನು ಮೊತ್ತಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ನಿಮ್ಮೂರಲ್ಲಿ ಈ ಸಲ ಸೇರಿದವರಿಗೆ ದಯವಿಟ್ಟು ತಿಳಿಸಿ.

ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿದೆ ಎನ್ನುತ್ತೀರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರುವುದನ್ನು ನೀವೂ ಕಂಡಿದ್ದೀರಿ. ಯಾವ ರೊಟ್ಟಿಯ ಮೇಲೂ ಬಡಿದವಳ ಹೆಸರಿರುವುದಿಲ್ಲ, ಅದನ್ನು ಉಂಡವರು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಅದೇ ಮಠ 2022ರಲ್ಲಿ 5,000 ಮಕ್ಕಳ ವಸತಿ ನಿಲಯಕ್ಕೆ ಕೈಹಾಕಿದಾಗ ಸ್ವಾಮೀಜಿ ಸಭೆಯಲ್ಲೇ ಕಣ್ಣೀರಿಟ್ಟಿದ್ದರು. ಕೂಲಿ ಮಾಡುವವರೂ ಕೈಲಾದಷ್ಟು ಕೊಟ್ಟರು.

ನಿಮ್ಮೂರ ಹತ್ತು ಮನೆಯವರು ತಿಂಗಳಿಗೆ ಇನ್ನೂರರಂತೆ ಮೂರು ವರ್ಷ ಕೂಡಿಸಿದರೆ ಒಂದು ಮಗುವಿನ ಮೆಸ್ ಬಿಲ್ಲಿಗೆ ದೊಡ್ಡ ಆಸರೆ. ಶಾಲು ಬೇಡ, ಫೋಟೊ ಬೇಡ. ಹದಿನೆಂಟರ ಹುಡುಗಿಯನ್ನು ಊರ ಮುಂದೆ ಬಡವಳೆಂದು ನಿಲ್ಲಿಸಿದ್ದಕ್ಕೆ ಅವಳು ಸೋತು ಬಂದಾಗ ಯಾರಿಗೂ ಮುಖ ತೋರಿಸಲಾರದೆ ಹೋದಳೇನೋ.

ಈಗಲೂ ತಡವಾಗಿಲ್ಲ. ಅವಳ ಮನೆಗೆ ಹೋಗಿ, ಬಾಕಿ ಎಷ್ಟಿತ್ತು ಎಂದು ಕೇಳಿ. ಮತ್ತೆ ಪ್ರವೇಶ ಸಿಗುತ್ತದೆಯೇ ಎಂದು ಪ್ರಾಂಶುಪಾಲರನ್ನು ವಿಚಾರಿಸಿ. ನನಗೆ ಬರೆಯುವಾಗ ಅವಳ ಹೆಸರು ಬೇಡ, ಮೊತ್ತ ಮಾತ್ರ ಬರೆಯಿರಿ. ಮೊದಲ ಇನ್ನೂರು ನನ್ನದು.

– ಸಂ.