ಒತ್ತಕ್ಷರ ಬಾರದವರೇ ಬೇಕಂತೆ!

ಪತ್ರ: “ನಾನು ನಿವೃತ್ತ ಬ್ಯಾಂಕ್ ನೌಕರ. ಪುಣ್ಯದ ಕೆಲಸವೆಂದು ಅಂಧ ವಿದ್ಯಾರ್ಥಿಯೊಬ್ಬನಿಗೆ ಬಿ.ಎ. ಪರೀಕ್ಷೆ ಬರೆದುಕೊಡಲು ಹೋದೆ. ನಾನು ಪದವೀಧರನೆಂದು ಬಾಗಿಲಲ್ಲೇ ತಡೆದರು. ಹುಡುಗ ಅರ್ಧ ಗಂಟೆ ಪರದಾಡಿ, ಪಕ್ಕದ ಕಾಲೇಜಿನ ಪಿಯುಸಿ ಹುಡುಗನನ್ನು ಕರೆತಂದು ಒಳಗೆ ಹೋದ. ಉಪನ್ಯಾಸಕಿಯಾದ ನನ್ನ ಮಗಳು, ‘ನಿಯಮ ಸರಿಯಾಗಿಯೇ ಇದೆ, ಇಲ್ಲದಿದ್ದರೆ ಪರೀಕ್ಷೆ ನೀವೇ ಬರೀತಿದ್ರಿ’ ಎನ್ನುತ್ತಾಳೆ. ಯಾರು ಸರಿ?”
– ಹೆಸರು ಬೇಡವೆಂದ ಓದುಗರು, ದಾವಣಗೆರೆ

ಮಗಳದೂ ಸರಿ ಎಂದುಬಿಟ್ಟರೆ ನಿಮ್ಮ ಮನೆಯಲ್ಲಿ ಶಾಂತಿ ಇರುತ್ತದೆ, ಸ್ವಾಮಿ. ನಕಲು ನಮ್ಮ ಪರೀಕ್ಷೆಗಳಿಗೆ ಹೊಸದಲ್ಲ. ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರು, ಎಂಬ ಹೆಸರಿನಲ್ಲಿ ಪಂಡಿತರನ್ನು ಕೂರಿಸಿದವರೂ ಇದ್ದಾರು. ಅಷ್ಟು ಒಪ್ಪಿ ಮುಂದೆ ಹೋಗೋಣ. ನನ್ನ ಮನಸ್ಸಂತೂ ನಿಮ್ಮ ಹುಡುಗನ ಕಡೆಗೇ ಇದೆ.

2013ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಸ್ಕ್ರೈಬ್‌ಗೆ ವಿದ್ಯಾರ್ಹತೆ, ವಯಸ್ಸು, ಅಂಕ ಇಂಥ ಯಾವ ಕಟ್ಟುಪಾಡೂ ಬೇಡ ಎಂದಿತ್ತು. 2018ರಲ್ಲಿ ಬಂದ ಮಾರ್ಗಸೂಚಿ, ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು ಎಂದಿತು. ನಡುವೆ ಐದು ವರ್ಷದ ಒಂದು ಕಿಂಡಿ. ನಾನು ಸ್ಕ್ರೈಬ್ ಆಗಿ ನುಸುಳಿದ್ದು ಆ ಕಿಂಡಿಯಲ್ಲಿ.

ಅರ್ಥಶಾಸ್ತ್ರದ ಪತ್ರಿಕೆ. ಬಾಗಲಕೋಟೆ ಕಡೆಯ ಹುಡುಗ. ನಾನು ಪ್ರಶ್ನೆ ಓದುವುದು, ಅವನು ಕ್ಷಣಹೊತ್ತು ಬೆರಳಿನಲ್ಲಿ ಮೇಜು ಕುಟ್ಟುತ್ತ ಕೂರುವುದು, ಆಮೇಲೆ ಅಲ್ಪವಿರಾಮ, ಪೂರ್ಣವಿರಾಮ ಸಮೇತ ಹೇಳುವುದು. “ಬರ ಬಂದಾಗ ರೈತ ಮೊದಲು ಎತ್ತು ಮಾರುತ್ತಾನೆ, ಆಮೇಲೆ ಹೊಲ” ಎಂದ. ಮೂವತ್ತು ವರ್ಷ ಬೇರೆಯವರ ಲೇಖನ ತಿದ್ದಿದ ಕೈ ನನ್ನದು, ಸುಮ್ಮನಿದ್ದೀತೇ? “ಕ್ಷಾಮದ ಸಂದರ್ಭದಲ್ಲಿ ರೈತಾಪಿ ವರ್ಗವು ಚರಾಸ್ತಿಯನ್ನು ವಿಲೇವಾರಿ ಮಾಡುತ್ತದೆ” ಎಂದು ಬರೆದೆ. ಪುಟ ಮುಗಿದಾಗ ಅವನು ಓದಿಸಿದ. ಆ ಸಾಲು ಬಂದದ್ದೇ ತಡೆದ. “ಸರ್, ಇದು ನಾ ಹೇಳಿದ್ದಲ್ಲರೀ. ಹೊಡೆದು ಹಾಕ್ರಿ. ಎತ್ತು ಅಂತ ಬರೀರಿ.” ಹೊಡೆದು ಹಾಕಿದೆ. ಈಗ ನೋಡಿದರೆ ಅವನ ವಾಕ್ಯವೇ ಚೆನ್ನಾಗಿತ್ತು.

ಓದಿದವರು ಕೈಯಾಡಿಸುತ್ತಾರೆ ಎನ್ನಲು ಇದೇ ಸಾಕ್ಷಿ ಎಂದು ನಿಮ್ಮ ಮಗಳು ಹೇಳಿಯಾರು. ಹೇಳಲಿ. ಆದರೆ ನನ್ನ ಕಳ್ಳತನ ಹಿಡಿದವನು ಆ ಹುಡುಗ. ಕೊಠಡಿ ಮೇಲ್ವಿಚಾರಕರು ಹಿಡಿಯಲಿಲ್ಲ, ನಿಯಮವೂ ಹಿಡಿಯಲಿಲ್ಲ.

ಕಡಿಮೆ ಓದಿದವರು ಬರೆದರೆ ಏನಾಗುತ್ತದೆ ಎಂಬುದಕ್ಕೂ ಒಂದು ಕಥೆಯಿದೆ. ಕನ್ನಡ ಅಧ್ಯಾಪಕ ಮಿತ್ರರೊಬ್ಬರು ಹೇಳಿದ್ದು. ಅವರ ವಿದ್ಯಾರ್ಥಿನಿಗೆ ಸಿಕ್ಕಿದ್ದು ಇಂಗ್ಲಿಷ್ ಮಾಧ್ಯಮದ ಪಿಯುಸಿ ಹುಡುಗ, ಒಳ್ಳೆಯವನೇ, ಪಾಪ. ಅವಳು “ಭಾಮಿನಿ ಷಟ್ಪದಿ” ಎನ್ನುತ್ತ ಹೋದಳು, ಅವನು “ಭಾಮಿನಿ ಶತಪದಿ” ಎಂದು ಬರೆಯುತ್ತ ಹೋದ. ಕೊನೆಯ ಹತ್ತು ನಿಮಿಷದಲ್ಲಿ ಓದಿಸಿದಾಗ ಗೊತ್ತಾಯಿತು, ಹನ್ನೊಂದು ಕಡೆ ಜರಿಹುಳು ಹರಿದಾಡಿದೆ! ಮುಂದಿನ ಪರೀಕ್ಷೆಯಲ್ಲಿ ಅವಳು ಒಂದೊಂದು ಒತ್ತನ್ನೂ ಬಿಡಿಸಿ ಹೇಳಿದಳಂತೆ. ಗಂಟೆಗೆ 20 ನಿಮಿಷದಂತೆ ಕೊಡುವ ಹೆಚ್ಚುವರಿ ಸಮಯ ಅದಕ್ಕೇ ಖರ್ಚು. ನಿಮ್ಮ ಹುಡುಗ ಬಾಗಿಲಲ್ಲಿ ಕಳೆದುಕೊಂಡ ಅರ್ಧ ಗಂಟೆಯನ್ನೂ ಲೆಕ್ಕ ಹಾಕಿ. ಮೂರು ಗಂಟೆಯ ಪರೀಕ್ಷೆಗೆ ಅವನಿಗೆ ಸಿಗುವ ರಿಯಾಯಿತಿಯೇ ಒಂದು ಗಂಟೆ.

ವ್ಯಾಸರು ಗಣಪನಿಗೆ ಹಾಕಿದ ಷರತ್ತು, ಅರ್ಥವಾಗದೆ ಬರೆಯಬಾರದು ಎಂದು. ನಮ್ಮವರ ಷರತ್ತು, ಅರ್ಥವಾಗುವವರು ಬರೆಯಲೇಬಾರದು ಎಂದು. ಅನುಮಾನವಿದ್ದರೆ ಕೋಣೆಗೊಂದು ಕ್ಯಾಮೆರಾ ಇಡಿ, ಧ್ವನಿ ಮುದ್ರಿಸಿಕೊಳ್ಳಿ. ಬೆರಳು ನಡುಗಿ ಬರೆಯಲಾಗದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ, 2021ರ ಫೆಬ್ರವರಿಯಲ್ಲಿ ಸ್ಕ್ರೈಬ್ ಪಡೆಯುವ ಹಕ್ಕು ಗೆದ್ದ. ದುರುಪಯೋಗವಾದೀತು ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಇನ್ನು ನಿಮ್ಮ “ಪುಣ್ಯದ ಕೆಲಸ”. ಬೇಸರ ಮಾಡಿಕೊಳ್ಳಬೇಡಿ, ಆ ಪದ ನನಗೆ ಹಿಡಿಸಲಿಲ್ಲ. ಅಂಧ ವಿದ್ಯಾರ್ಥಿಗೆ ಬರೆದುಕೊಡುವವರನ್ನು ವಿದ್ಯಾಸಂಸ್ಥೆಯೇ ಒದಗಿಸಬೇಕೆಂದು 1995ರ ಅಂಗವಿಕಲರ ಕಾಯಿದೆಯಲ್ಲೇ ಇತ್ತು. 2016ರ ಕಾಯಿದೆಯಲ್ಲೂ ಸ್ಕ್ರೈಬ್ ಸೌಲಭ್ಯದ ಮಾತಿದೆ. ಹಾಗಿದ್ದೂ ಹುಡುಗರು ಹಾಲ್ ಟಿಕೆಟ್ ಕೈಗೆ ಬಂದ ದಿನದಿಂದ ಊರೆಲ್ಲ ಫೋನು ಮಾಡುತ್ತಾರೆ. ಪುಣ್ಯ ಮಾಡಲು ಬಂದವರು ಬೆಳಿಗ್ಗೆ ಮಳೆ ಬಂದರೆ “ಇವತ್ತು ಆಗಲ್ಲ” ಎಂದುಬಿಡುತ್ತಾರೆ. ಪುಣ್ಯಕ್ಕೆ ಹಾಜರಿ ಪುಸ್ತಕ ಇಲ್ಲವಲ್ಲ! ನೀವು ಹಾಗಲ್ಲ, ನಿಮ್ಮನ್ನು ತಡೆದವರು ಬೇರೆ. ಮುಂದಿನ ಸಲ ಹೋಗುವ ಮೊದಲು ಪ್ರಾಂಶುಪಾಲರ ಅನುಮತಿಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅದು ಆಗದಿದ್ದರೆ ಹುಡುಗನಿಗೆ ಪಠ್ಯ ಓದಿ ಮುದ್ರಿಸಿ ಕೊಡಿ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ.

ಪಠ್ಯ ಎಂದಾಗ ನನ್ನ ಹಳೆಯ ಸಿಟ್ಟು ನೆನಪಾಯಿತು. ಈ ಮಕ್ಕಳು ಪರೀಕ್ಷೆಯವರೆಗೆ ಓದುವುದಾದರೂ ಹೇಗೆ? ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿರುವ ಕನ್ನಡವನ್ನು ಓದಿ ಹೇಳುತ್ತದೆ, ಆದರೆ ಅದು ಯಂತ್ರಗಳು ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿ ಇರಬೇಕು. ನಮ್ಮ ಪುಸ್ತಕಗಳನ್ನೋ ಡಿಟಿಪಿಯವರು ವರ್ಷಗಟ್ಟಲೆ ಹಳೆಯ ಫಾಂಟುಗಳಲ್ಲಿ ಜೋಡಿಸುತ್ತ ಬಂದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಸ. ಬೇರೆಯವರನ್ನೇಕೆ ಅನ್ನಲಿ, ಓದುಗನೊಬ್ಬ ನಮ್ಮ ಹಳೆಯ ವಿಶೇಷಾಂಕ ಕೇಳಿದಾಗ ಹೆಮ್ಮೆಯಿಂದ ಫೈಲ್ ಕಳಿಸಿದ್ದೆ. ಮರುದಿನ ಫೋನು: “ಸರ್, ನಿಮ್ಮ ಕಥೆ ಪೂರ್ತಿ ಬ್ರಾಕೆಟ್ಟು, ಸ್ಟಾರು, ಎಬಿಸಿಡಿ ಅಂತ ಓದ್ತಾ ಇದೆ.” ಈಗ ಒಂದೊಂದೇ ಸಂಚಿಕೆಯನ್ನು ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇವೆ. ಪರಿವರ್ತಿಸುವಾಗ ಅರ್ಕಾವತ್ತು ಹಾರಿಹೋಗುತ್ತದೆ, ಮತ್ತೆ ಕೂತು ತಿದ್ದಬೇಕು. ನಾಲ್ಕು ವರ್ಷದ್ದು ಮುಗಿದಿದೆ, ಉಳಿದದ್ದು ಬಾಕಿ.

ಮಗಳಿಗೆ ನನ್ನ ನಮಸ್ಕಾರ ತಿಳಿಸಿ. ಅವರು ವಿದ್ಯಾರ್ಥಿಗಳಿಗೆ ಕೊಡುವ ನೋಟ್ಸ್ ಯಾವ ಫಾಂಟಿನಲ್ಲಿದೆ ಎಂದು ಒಂದು ಸಲ ಕೇಳಿ ನೋಡಿ.

– ಸಂ.