ಬೆಕ್ಕಿರುವ ಮನೆಯಲ್ಲಿ ಸಣ್ಣ ಆಮೆಗಳನ್ನು ಸುರಕ್ಷಿತವಾಗಿ ಸಾಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಮನೆ, ಎರಡು ಬೆಕ್ಕುಗಳಿವೆ, ಈಗ ಎರಡು ಸಣ್ಣ ಆಮೆ ತಂದಿದ್ದೀರಿ, ಅವು ಪ್ಲಾಸ್ಟಿಕ್ ಟಬ್ಬಿನಲ್ಲಿವೆ. ಒಂದು ಬೆಕ್ಕು ಟಬ್ಬಿನ ಪಕ್ಕದಿಂದ ಏಳುವುದೇ ಇಲ್ಲ, ಆ ನೀರನ್ನೂ ನೆಕ್ಕುತ್ತದೆ. ಮುಚ್ಚಳ ಬೇಕೇ ಬೇಕಾ, ನೆಲದ ಮೇಲೆ ಒಟ್ಟಿಗೆ ಬಿಡಬಹುದಾ, ಆಮೆ ದೊಡ್ಡದಾದ ಮೇಲೆ ಈ ರಗಳೆ ಮುಗಿಯುತ್ತದಾ?

ಒಂದೇ ಮನೆಯಲ್ಲಿ ಸಾಕಬಹುದು. ಒಟ್ಟಿಗೆ ಬಿಡಬಾರದು. "ನಮ್ಮ ಬೆಕ್ಕು ಸಾಧು, ಏನೂ ಮಾಡುವುದಿಲ್ಲ" ಎಂಬ ಭರವಸೆಯ ಮೇಲೆ ಯಾವ ವ್ಯವಸ್ಥೆಯನ್ನೂ ಮಾಡಬೇಡಿ. ಬೆಕ್ಕಿಗೆ ಹಸಿವು ಬೇರೆ, ಬೇಟೆಯ ಚಪಲ ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಅಲುಗುವ ಸಣ್ಣ ವಸ್ತುವಿನ ಮೇಲೆ ಪಂಜ ಇಟ್ಟೇ ಇಡುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಮರಿಯ ಚಿಪ್ಪು ಇನ್ನೂ ಗಟ್ಟಿಯಾಗಿರುವುದಿಲ್ಲ, ಬೆಕ್ಕಿನ ಕೋರೆಹಲ್ಲು ಅದರೊಳಗೆ ಇಳಿಯುತ್ತದೆ. ಗಾಯಕ್ಕಿಂತ ದೊಡ್ಡ ಅಪಾಯ ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ. ಸೂಜಿ ಚುಚ್ಚಿದಷ್ಟು ಸಣ್ಣ ತೂತು ಮೇಲಿನಿಂದ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ಆಮೆ ನೋವು ತೋರಿಸುವ ಪ್ರಾಣಿಯಲ್ಲ, ನಮಗೆ ಗೊತ್ತಾಗುವಾಗ ತಡವಾಗಿರುತ್ತದೆ.

ಮೊದಲು ನಿಮ್ಮದು ಯಾವ ಆಮೆ ಎಂದು ನೋಡಿಕೊಳ್ಳಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಹಸಿರು ಮರಿಯಾದರೆ ಅದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕ ಮೂಲದ್ದು. ಮುಂದೆ ಬರೆಯುವುದೆಲ್ಲ ಅದಕ್ಕೇ. ಗದ್ದೆ, ತೋಡು, ಬಾವಿಯಲ್ಲಿ ಸಿಕ್ಕಿದ ಊರಿನ ಆಮೆಯೋ, ಯಾರೋ ಕೊಟ್ಟ ನಕ್ಷತ್ರ ಆಮೆಯೋ ಆದರೆ ಸಾಕುವ ಮಾತೇ ಇಲ್ಲ. ನಕ್ಷತ್ರ ಆಮೆ ಮತ್ತು ಫ್ಲ್ಯಾಪ್‌ಶೆಲ್ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿಬಿಡಿ.

ಇವತ್ತಿನ ರಾತ್ರಿಗೆ ಟಬ್ಬನ್ನು ಚಿಲಕ ಬೀಳುವ ಕೋಣೆಯೊಳಗಿಡಿ. ಸುಮ್ಮನೆ ಒರಗಿಸಿದ ಬಾಗಿಲು ಬೆಕ್ಕಿಗೆ ಲೆಕ್ಕಕ್ಕಿಲ್ಲ. ಟಬ್ಬಿನ ಮೇಲೆ ಟವೆಲ್ ಹೊದೆಸಿ ನಿಶ್ಚಿಂತೆಯಿಂದ ಇರಬೇಡಿ. ಬೆಕ್ಕು ಅದರ ಮೇಲೆ ಹಾರಿದರೆ ಟವೆಲ್, ಬೆಕ್ಕು ಎರಡೂ ನೀರೊಳಗೆ.

ಟಬ್ ತಾತ್ಕಾಲಿಕ ಮಾತ್ರ. ಚಿಪ್ಪಿನ ಉದ್ದದ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಎಂಬುದು ರೂಢಿಯ ಲೆಕ್ಕ. ಸಣ್ಣ ಎರಡು ಮರಿಗಳಿಗೆ ಈಗಿನ ಮಟ್ಟಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. 30 ಸೆಂಟಿಮೀಟರ್ ನೀರು ತುಂಬಿದರೆ 125 ಲೀಟರ್ ಹಿಡಿಯುತ್ತದೆ, ಅಂದರೆ ನೀರೊಂದೇ 125 ಕಿಲೋ. ಇಷ್ಟು ಭಾರವಿದ್ದರೆ ಬೆಕ್ಕು ಹಾರಿದರೂ ಮಗುಚುವುದಿಲ್ಲ, ಆದರೆ ಸ್ಟ್ಯಾಂಡ್ ಕಬ್ಬಿಣದ್ದೇ ಆಗಬೇಕು, ನಾಲ್ಕು ಕಾಲೂ ನೆಲಕ್ಕೆ ಸಮ ಕೂರಬೇಕು. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ಒಂದೊಂದು ಕಡೆ ಇಳಿದಿರುತ್ತದೆ. ರಸಮಟ್ಟ ಇಟ್ಟು ನೋಡಿ, ಗಾಜಿನಡಿಗೆ ಹತ್ತು ಮಿಲಿಮೀಟರ್ ಥರ್ಮಾಕೋಲ್ ಹಾಸಿ.

ಇನ್ನು ಮುಚ್ಚಳ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಚಪ್ಪಟೆ ಮುಚ್ಚಳ ಬೆಕ್ಕನ್ನು ತಡೆಯುವುದಿಲ್ಲ, ಕರೆದು ಕೂರಿಸುತ್ತದೆ. ಆಮೆ ಮೈ ಕಾಯಿಸಲು ಮೇಲೊಂದು ಬಲ್ಬ್ ಇರುತ್ತದೆ, ಅದರ ಬಿಸಿ ಮುಚ್ಚಳಕ್ಕೂ ತಾಗುತ್ತದೆ. ಮಳೆಗಾಲದಲ್ಲಿ ಮನೆಯಲ್ಲೆಲ್ಲ ಥಂಡಿ ಇರುವಾಗ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ನಾಲ್ಕೈದು ಕಿಲೋ ಬೆಕ್ಕು ದಿನವೂ ಮಲಗಿದರೆ ಬಲೆ ಜೋಲುತ್ತದೆ, ಒಂದು ದಿನ ಮೂಲೆ ಬಿಟ್ಟುಕೊಳ್ಳುತ್ತದೆ. ಗಾಜು ಅಥವಾ ಅಕ್ರಿಲಿಕ್ ಮುಚ್ಚಿದರೆ ಗಟ್ಟಿಯೇನೋ ಹೌದು, ಆದರೆ ಯುವಿಬಿ ಕಿರಣ (ಚಿಪ್ಪು ಗಟ್ಟಿಯಾಗಲು ಆಮೆಗೆ ಬೇಕಾದ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ) ಗಾಜನ್ನು ದಾಟುವುದಿಲ್ಲ, ಅಕ್ರಿಲಿಕ್ ಬಲ್ಬಿನ ಬಿಸಿಗೆ ಸೊಟ್ಟಗಾಗುತ್ತದೆ. ಕಿಟಕಿಯ ಸೊಳ್ಳೆಪರದೆ ಅಂತೂ ಬೇಡವೇ ಬೇಡ. ಫೈಬರ್ ಬಲೆ ಉಗುರಿಗೆ ಹರಿಯುತ್ತದೆ, ಬಿಸಿಗೆ ಸುಟ್ಟುಕೊಳ್ಳುತ್ತದೆ.

ನಾನು ಹೇಳುವುದು ತೊಟ್ಟಿಯ ಮೇಲೆ ಕೂರುವ ಒಂದು ಗೂಡು, ಹಂಚಿನ ಮನೆಯ ಮಾಡಿನ ಹಾಗೆ ಇಳಿಜಾರಾದದ್ದು. ಹಿಂಬದಿ 50 ಸೆಂಟಿಮೀಟರ್ ಎತ್ತರ, ಮುಂಬದಿ 15. ಚೌಕಟ್ಟಿಗೆ 25 ಮಿಲಿಮೀಟರ್ ಅಲ್ಯೂಮಿನಿಯಂ ಆ್ಯಂಗಲ್. ಹಿಂದೆ, ಮುಂದೆ, ಎರಡು ಬದಿಗೆ 12 ಮಿಲಿಮೀಟರ್ ಕಣ್ಣಿನ ಸ್ಟೈನ್‌ಲೆಸ್ ಸ್ಟೀಲ್ ವೆಲ್ಡೆಡ್ ಬಲೆ. ಮೇಲಿನ ಇಳಿಜಾರಿಗೆ ಬಲೆಯಲ್ಲ, ನುಣುಪಾದ ಅಲ್ಯೂಮಿನಿಯಂ ಶೀಟ್. ಬಲೆಯಾದರೆ ಬೆಕ್ಕು ಉಗುರು ಸಿಕ್ಕಿಸಿ ಕೂರುತ್ತದೆ, ಶೀಟಿನ ಮೇಲೆ ಜಾರುತ್ತದೆ, ನಾಲ್ಕು ಸಲ ಜಾರಿದ ಮೇಲೆ ಆಸೆ ಬಿಡುತ್ತದೆ. ಆ ಶೀಟೇ ಬಾಗಿಲು: ಹಿಂದುಗಡೆ ಎರಡು ಕೀಲು, ಮುಂದುಗಡೆ ಎರಡು ಜಾರುಚಿಲಕ. ಮ್ಯಾಗ್ನೆಟ್ ಹಿಡಿತ ಸಾಲದು, ಬೆಕ್ಕು ಮೂತಿಯಿಂದ ಎತ್ತುತ್ತದೆ.

12 ಮಿಲಿಮೀಟರ್ ಯಾಕೆಂದರೆ ಮರಿಬೆಕ್ಕಿನ ಪಂಜವೂ ಅದರಲ್ಲಿ ತೂರುವುದಿಲ್ಲ, ಉಗುರು ಮಾತ್ರ ಒಂದಿಷ್ಟು ಬರುತ್ತದೆ. ಆದ್ದರಿಂದ ಆಮೆ ನೀರಿನಿಂದ ಮೇಲೆ ಹತ್ತಿ ಮೈ ಕಾಯಿಸಲು ಕೂರುವ ಅಟ್ಟಣೆಯಿಂದ ಯಾವ ಬದಿಯ ಬಲೆಗಾದರೂ ಹತ್ತು ಸೆಂಟಿಮೀಟರ್ ದೂರ ಇರಲಿ. ಸ್ಟೀಲ್ ಯಾಕೆಂದರೆ ನಮ್ಮ ಕರಾವಳಿಯ ಉಪ್ಪುಗಾಳಿಗೆ, ತೊಟ್ಟಿಯ ಹಬೆಗೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಬಲೆಯ ವೆಲ್ಡಿಂಗ್ ಬಿಂದುಗಳು ಬೇಗ ತುಕ್ಕು ಹಿಡಿಯುತ್ತವೆ. ಹೊರಗೆ ಬಲೆ ಇದ್ದ ಹಾಗೇ ಕಾಣುತ್ತದೆ, ಒತ್ತಿದರೆ ಕಿತ್ತು ಬರುತ್ತದೆ. ಬಲೆಯನ್ನು ವಾಷರ್ ಇಟ್ಟು ಪಾಪ್ ರಿವೆಟ್ ಹೊಡೆಸಿ. ಪ್ಲಾಸ್ಟಿಕ್ ಕೇಬಲ್ ಟೈ ಬಲ್ಬಿನ ಬಿಸಿಗೆ ಮತ್ತು ಯುವಿಗೆ ಗರಿಗರಿಯಾಗಿ ಮುರಿಯುತ್ತದೆ. ಗೂಡನ್ನು ಗಾಜಿನ ಮೇಲೆ ಬರಿದೇ ಕೂರಿಸದೆ, ನಾಲ್ಕು ಮೂಲೆಯಿಂದ ಪಟ್ಟಿ ಇಳಿಸಿ ಸ್ಟ್ಯಾಂಡಿಗೆ ಬೋಲ್ಟ್ ಮಾಡಿಸಿ. ಬೆಕ್ಕಿನ ಹೊಡೆತ ಮೇಲಿನಿಂದ ಮಾತ್ರವಲ್ಲ, ಬದಿಯಿಂದಲೂ ಬರುತ್ತದೆ. ಅಲ್ಯೂಮಿನಿಯಂ ಕಿಟಕಿ ಮಾಡುವ ಯಾವ ವರ್ಕ್‌ಶಾಪಿನವರೂ ಇದನ್ನು ಮಾಡಿಕೊಡುತ್ತಾರೆ, ಅಳತೆ ಬರೆದು ಕೊಟ್ಟರಾಯಿತು. ಮನೆಗೆ ತಂದ ಮೇಲೆ ಬಲೆಯನ್ನು ಎಲ್ಲ ಕಡೆ ಅಂಗೈಯಿಂದ ಜೋರಾಗಿ ಒತ್ತಿ ನೋಡಿ. ಮಾಡಿನ ಮೇಲೆ ಹತ್ತು ಕಿಲೋ ಅಕ್ಕಿಚೀಲ ಒರಗಿಸಿ, ಶೀಟ್ ಬಗ್ಗಿದರೆ ನಡುವಿಗೊಂದು ಅಡ್ಡಪಟ್ಟಿ ಹಾಕಿಸಿ.

ಈ ಗೂಡಿನ ದೊಡ್ಡ ಲಾಭ ಎಂದರೆ ದೀಪಗಳೆಲ್ಲ ಒಳಗೇ ಬರುತ್ತವೆ. ಯುವಿಬಿ ದೀಪಕ್ಕೂ ಆಮೆಗೂ ನಡುವೆ ಬಲೆ ಇರುವುದಿಲ್ಲ, ಹಾಗಾಗಿ ಕಿರಣ ಸೋರಿ ಹೋಗುವುದಿಲ್ಲ. ದೀಪವನ್ನು ಹಿಂಬದಿಯ ಎತ್ತರದ ಕಡೆ ಸರಪಳಿಯಿಂದ ತೂಗುಹಾಕಿ, ಅಟ್ಟಣೆಯಿಂದ 25ರಿಂದ 30 ಸೆಂಟಿಮೀಟರ್ ದೂರ ಬರುವಂತೆ ಸರಿಮಾಡಿ. 5.0 ಅಥವಾ 10.0 ಎಂದು ಬರೆದಿರುವ ಯುವಿಬಿ ದೀಪ, ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ, ಟೈಮರಿನಲ್ಲಿ. ಬೆಳಕು ಬರುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ, ಯುವಿಬಿ ಮೊದಲೇ ಕ್ಷೀಣಿಸಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ, ಈ ದೀಪ ಇಲ್ಲದಿದ್ದರೆ ಮರಿಯ ಚಿಪ್ಪು ಮೆತ್ತಗಾಗುತ್ತದೆ. ಮೈ ಕಾಯಿಸುವ ಬಲ್ಬ್ 50 ವ್ಯಾಟ್ ಹ್ಯಾಲೊಜೆನ್ ಸಾಕು. ಅಟ್ಟಣೆಯ ಮೇಲೆ 32ರಿಂದ 35 ಡಿಗ್ರಿ, ನೀರು 26ರ ಆಸುಪಾಸು. ಏಪ್ರಿಲ್, ಮೇ ಸೆಕೆಯಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಕಡಿಮೆ ವ್ಯಾಟಿನದು ಹಾಕಿ, ಥರ್ಮಾಮೀಟರ್ ನೋಡಿಯೇ ನಿರ್ಧರಿಸಿ.

ಕ್ಲಿಪ್ ಹಾಕಿ ತೊಟ್ಟಿಯ ಅಂಚಿಗೆ ಸಿಕ್ಕಿಸುವ ಲ್ಯಾಂಪ್ ಬೆಕ್ಕಿರುವ ಮನೆಗೆ ಬೇಡ. ಅದು ನೀರಿಗೆ ಬಿದ್ದರೆ ಶಾಕ್, ಪರದೆಯ ಮೇಲೆ ಬಿದ್ದರೆ ಬೆಂಕಿ. ವಯರುಗಳನ್ನು 20 ಮಿಲಿಮೀಟರ್ ಪಿವಿಸಿ ಪೈಪಿನೊಳಗೆ ಎಳೆಸಿ, ಮರಿಬೆಕ್ಕುಗಳು ಕಚ್ಚುತ್ತವೆ. ಪ್ಲಗ್ಗಿಗೆ ಹೋಗುವ ಮುಂಚೆ ವಯರು ಒಮ್ಮೆ ಕೆಳಗೆ ಇಳಿದು ಮೇಲೇರಲಿ, ಜಿನುಗಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ. ಆ ಲೈನಿಗೆ 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇಲ್ಲದಿದ್ದರೆ ಹಾಕಿಸಿಯೇ ತೊಟ್ಟಿ ಶುರು ಮಾಡಿ. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿದ್ದು ಪೈಪಿನ ಮೂಲಕ ನೀರು ಸೋಸುವ ಡಬ್ಬ) ಇಡುವುದಾದರೆ ಬಾಗಿಲಿರುವ ಕಪಾಟಿನೊಳಗಿಡಿ. ಬೆಕ್ಕು ಪೈಪ್ ಕಿತ್ತರೆ ತೊಟ್ಟಿಯ ನೀರು ನೆಲಕ್ಕೆ ಹರಿಯುತ್ತದೆ.

ಮುಟ್ಟದಿದ್ದರೂ ಬೆಕ್ಕು ತೊಂದರೆ ಕೊಡಬಲ್ಲದು. ಇಡೀ ದಿನ ಗಾಜಿನ ಆಚೆ ಎರಡು ಕಣ್ಣು ದಿಟ್ಟಿಸುತ್ತಿದ್ದರೆ ಆಮೆ ಅಟ್ಟಣೆ ಹತ್ತುವುದನ್ನೇ ಬಿಡುತ್ತದೆ. ಮೈ ಒಣಗದಿದ್ದರೆ ಚಿಪ್ಪು ಕೊಳೆಯಲು ಶುರುವಾಗುತ್ತದೆ, ಮೇವೂ ಬಿಡುತ್ತದೆ. ಮೂರು ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ಎದುರು ಗಾಜನ್ನು ಮಾತ್ರ ಬಿಡಿ, ಅಟ್ಟಣೆಯನ್ನು ಕಾಗದ ಇರುವ ಮೂಲೆಯಲ್ಲಿಡಿ. ಬೆಕ್ಕು ಅಲುಗದೆ ಕೂತು ಬಾಲದ ತುದಿಯನ್ನಷ್ಟೇ ಆಡಿಸುತ್ತಿದ್ದರೆ, ಹಿಂಬದಿ ಅಲ್ಲಾಡಿಸಿದರೆ, ಹಲ್ಲು ಕಟಕಟಿಸಿದರೆ ಅದು ಗೆಳೆತನವಲ್ಲ, ಹೊಂಚು. ಬೈಯಬೇಡಿ, ನೀರು ಚಿಮುಕಿಸಬೇಡಿ. ಕಾದ ಹ್ಯಾಲೊಜೆನ್ ಮೇಲೆ ಒಂದು ಹನಿ ಬಿದ್ದರೂ ಬಲ್ಬ್ ಒಡೆಯಬಹುದು. ಅದರ ಬದಲು ಸ್ಟ್ಯಾಂಡಿನ ಅಂಚಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಪಾದಕ್ಕೆ ಅಂಟುವುದು ಬೆಕ್ಕಿಗೆ ಆಗುವುದಿಲ್ಲ. ಕಿಟಕಿಯ ಹತ್ತಿರ ತೊಟ್ಟಿಗಿಂತ ಎತ್ತರದಲ್ಲಿ ಅದಕ್ಕೇ ಒಂದು ಹಲಗೆ ಹಾಕಿಕೊಡಿ. ಬೆಳಿಗ್ಗೆ ಮತ್ತು ಮುಸ್ಸಂಜೆ ಹತ್ತು ಹದಿನೈದು ನಿಮಿಷ ದಾರ ಎಳೆದು ಆಡಿಸಿ, ಆಮೇಲೆ ಊಟ ಹಾಕಿ. ಆಡಿ ತಿಂದ ಬೆಕ್ಕು ಮಲಗುತ್ತದೆ, ಆಮೆಗೆ ಮೇವು ಹಾಕುವ ಹೊತ್ತು ಅದೇ. ಬೂತಾಯಿ, ಬಂಗುಡೆ ತಿಂದು ಬೆಳೆದ ನಮ್ಮ ಕಡೆಯ ಬೆಕ್ಕಿಗೆ ಆಮೆಯ ಒಣ ಎಟ್ಟಿಯ (ಸೀಗಡಿಯ) ಡಬ್ಬಿ ತೆರೆದ ವಾಸನೆ ಸಾಕು, ಮೂರು ಕೋಣೆ ದಾಟಿ ಬರುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಉಳಿದ ಮೇವನ್ನು ಹದಿನೈದು ನಿಮಿಷದಲ್ಲಿ ಜಾಲರಿಯಿಂದ ತೆಗೆಯಿರಿ. ಉಪ್ಪು ಹಾಕಿ ಒಣಗಿಸಿದ ಮೀನನ್ನು ಆಮೆಗೆ ಕೊಡಬೇಡಿ. ಮೇವು ಹಾಕಲು ಬೇರೆ ಟಬ್ಬಿಗೆ ಆಮೆಯನ್ನು ಎತ್ತಿಡುವ ಪದ್ಧತಿ ಬೆಕ್ಕಿರುವ ಮನೆಗೆ ಸರಿಯಲ್ಲ, ಪ್ರತಿ ಸಲ ಎತ್ತುವುದೂ ಒಂದು ಅಪಾಯವೇ.

ನೀರು ನೆಕ್ಕುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆರೋಗ್ಯವಾಗಿರುವ ಆಮೆಯೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು, ಅದು ಮಲದಿಂದ ನೀರಿಗೆ ಬರುತ್ತದೆ. ಮಕ್ಕಳಿಗೆ ಇದು ಹರಡುತ್ತಿದೆ ಎಂಬ ಕಾರಣಕ್ಕೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟ ನಿಷೇಧವಾಯಿತು. ಬೆಕ್ಕಿಗೆ ವಾಂತಿ ಭೇದಿ ಆಗಬಹುದು. ಏನೂ ಆಗದಿದ್ದರೂ ಆ ಪಂಜ ನಿಮ್ಮ ಹಾಸಿಗೆಗೆ, ಊಟದ ಮೇಜಿಗೆ ಬರುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ಮಗು, ಬಸುರಿ, ತೀರಾ ವಯಸ್ಸಾದವರು ಇದ್ದರೆ ಆಮೆ ಸಾಕುವುದನ್ನೇ ಮುಂದಕ್ಕೆ ಹಾಕಿ ಎನ್ನುತ್ತೇನೆ. ಬೆಕ್ಕಿಗೆ ಅಗಲ ಬಾಯಿಯ ಪಾತ್ರೆಯಲ್ಲಿ ದಿನಕ್ಕೆರಡು ಸಲ ತಾಜಾ ನೀರು ಇಡಿ, ಊಟದ ತಟ್ಟೆಯಿಂದ ದೂರ ಇಟ್ಟರೆ ಇನ್ನೂ ಚೆನ್ನಾಗಿ ಕುಡಿಯುತ್ತದೆ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಹಳೆ ನೀರನ್ನು ತೆಂಗಿನ ಬುಡಕ್ಕೆ ಸುರಿಯಿರಿ, ಬಸಳೆ ಚಪ್ಪರಕ್ಕೆ ಬೇಡ. ಬಾವಿಯಿಂದ ದೂರ ಇರಲಿ, ನಮ್ಮ ಮುರಕಲ್ಲು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ. ಹೊಸದಾಗಿ ತುಂಬುವುದು ಬಾವಿ ನೀರಾದರೆ ನೇರ ಹಾಕಬಹುದು, ಬಜೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಔಷಧಿಯ ವಿಷಯದಲ್ಲಿ ಎಚ್ಚರ. ಬೆಕ್ಕಿನ ಕಜ್ಜಿಗೆ, ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ಪ್ರಾಣಾಂತಿಕ. ಚಿಗಟಕ್ಕೆ ಕುತ್ತಿಗೆಗೆ ಹಾಕುವ ಫಿಪ್ರೊನಿಲ್ ಜಲಚರಗಳಿಗೆ ವಿಷ. ಹಾಕಿದ ಮೇಲೆ ಎರಡು ದಿನ ಬೆಕ್ಕನ್ನು ತೊಟ್ಟಿಯ ಕೋಣೆಗೆ ಬಿಡಬೇಡಿ, ನೀವೂ ಕೈ ತೊಳೆಯದೆ ನೀರಿಗೆ ಕೈ ಹಾಕಬೇಡಿ.

ಅಕಸ್ಮಾತ್ ಬೆಕ್ಕು ಕಚ್ಚಿದರೆ ರಕ್ತ ಕಾಣದಿದ್ದರೂ ಕಚ್ಚಿದ್ದೆಂದೇ ಲೆಕ್ಕ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಗಾಯ ತೊಳೆಯಿರಿ. ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ. ಮತ್ತೆ ತೊಟ್ಟಿಗೆ ಬಿಡದೆ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆ ಹಾಸಿದ ಡಬ್ಬದಲ್ಲಿ ಬೆಚ್ಚಗಿಡಿ. ಒಡೆದ ಚಿಪ್ಪಿಗೆ ಫೆವಿಕ್ವಿಕ್ ಹಾಕಿದರೆ ಸೋಂಕನ್ನು ಒಳಗೇ ಮುಚ್ಚಿದ ಹಾಗೆ. ಇಪ್ಪತ್ತನಾಲ್ಕು ಗಂಟೆಯೊಳಗೆ ವೈದ್ಯರಿಗೆ ತೋರಿಸಿ, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ನಾಯಿ ಬೆಕ್ಕು ನೋಡುವ ಎಲ್ಲರೂ ಆಮೆ ನೋಡುವುದಿಲ್ಲ, ಮಂಗಳೂರು ಉಡುಪಿಯಲ್ಲಿ ಯಾರು ನೋಡುತ್ತಾರೆ ಎಂದು ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ನೆಲದ ಮೇಲೆ ಒಟ್ಟಿಗೆ ಬಿಡುವುದು, ನೀವು ಪಕ್ಕದಲ್ಲೇ ಕೂತರೂ, ಬೇಡ. ಬೆಕ್ಕು ಎರಗುವ ವೇಗಕ್ಕೆ ನಮ್ಮ ಕೈ ಮುಟ್ಟುವುದಿಲ್ಲ. ಜಗಲಿಯ ಬಿಸಿಲಿಗೆ ಇಡುವುದಾದರೆ ಮೇಲೆಯೂ ಬಲೆ ಇರುವ ಪಂಜರದಲ್ಲಿ, ಅರ್ಧ ನೆರಳು ಮಾಡಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಸಾಕು. ಅಲ್ಲಿ ನಿಮ್ಮ ಬೆಕ್ಕಿಗಿಂತ ಕಾಗೆ, ಹದ್ದು, ಮುಂಗುಸಿಯ ಭಯ ಹೆಚ್ಚು.

ದೊಡ್ಡದಾದ ಮೇಲೆ ಲೆಕ್ಕ ಸ್ವಲ್ಪ ತಿರುಗುತ್ತದೆ. ಹೆಣ್ಣು 25ರಿಂದ 30 ಸೆಂಟಿಮೀಟರ್, ಗಂಡು 20ರವರೆಗೆ ಬೆಳೆಯುತ್ತದೆ. ಆಗ ಚಿಪ್ಪು ಬೆಕ್ಕಿನ ಹಲ್ಲಿಗೆ ಬಗ್ಗುವುದಿಲ್ಲ, ಬದಲಿಗೆ ನೀರಿಗೆ ಮೂತಿ ಇಟ್ಟ ಬೆಕ್ಕಿನ ಮೂಗನ್ನು ಆಮೆಯೇ ಕಚ್ಚುತ್ತದೆ. ಆದರೂ ಅದರ ಕಣ್ಣು, ಕಾಲು, ಬಾಲಕ್ಕೆ ರಕ್ಷಣೆ ಇಲ್ಲ, ದೀಪ ಮತ್ತು ಕೊಳಕು ನೀರಿನ ಅಪಾಯವೂ ಹಾಗೇ ಇರುತ್ತದೆ. ಗೂಡು ತೆಗೆಯಬೇಡಿ, ತೊಟ್ಟಿ ದೊಡ್ಡದು ಮಾಡುವಾಗ ಗೂಡನ್ನೂ ದೊಡ್ಡದು ಮಾಡಿಸಿ. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ ಇದು. ಜಾಗ ಸಾಲದಾದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ, ಸ್ವರ್ಣಾ ನದಿಗೋ ದೇವಸ್ಥಾನದ ಕೆರೆಗೋ ಮಾತ್ರ ಬಿಡಬೇಡಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ, ಅಲ್ಲಿರುವ ಊರಿನ ಆಮೆಗಳ ಮೇವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಿತ್ತುಕೊಳ್ಳುತ್ತದೆ.